ಯಾರ ಅಪ್ಪಣೆ ಕೇಳಬೇಕಿತ್ತು?

ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಎಂಬ ಫುಟ್‌ಬಾಲ್ ಮೈದಾನದ ಮಣ್ಣಿನಲ್ಲಿ 800ಕ್ಕೂ ಹೆಚ್ಚು ಅಭಿಮಾನಿಗಳ ಚಿತಾಭಸ್ಮವಿದೆ. ಇನ್ನು ಜಾಗವಿಲ್ಲವೆಂದು ಎವರ್ಟನ್ ಕ್ಲಬ್ 2004ರಿಂದ ಇಂಥ ಕೋರಿಕೆಗಳನ್ನು ಒಪ್ಪುವುದನ್ನೇ ನಿಲ್ಲಿಸಿತ್ತು. 2025ರ ಮೇ 18ರಂದು ಪುರುಷರ ತಂಡ ಅಲ್ಲಿ ಕೊನೆಯ ಆಟ ಆಡಿ, ಸೌತಾಂಪ್ಟನ್ ತಂಡವನ್ನು 2-0ಯಿಂದ ಸೋಲಿಸಿ, ಸುಮಾರು ಎರಡು ಮೈಲಿ ಆಚೆ ಮರ್ಸಿ ನದಿಯ ದಡದಲ್ಲಿ ಎದ್ದ ಹೊಸ ಕ್ರೀಡಾಂಗಣಕ್ಕೆ ಹೊರಟಿತು. ಸತ್ತವರು ಹೊರಡಲಿಲ್ಲ.

ನಾನು ಲಿವರ್‌ಪೂಲಿನ ವಾಲ್ಟನ್‌ನಲ್ಲಿ ಸಂಸಾರ ಹೂಡಿದವಳು. ಹುಟ್ಟಿದ್ದು ಉಡುಪಿ ಕಡೆಯ ಅರ್ಚಕರ ಮನೆಯಲ್ಲಿ. ಹಾಗಾಗಿ ಈ ಸ್ಥಳಾಂತರದ ಮಾತು ಬಂದಾಗೆಲ್ಲ ನನಗೆ ಏಳುವ ಪ್ರಶ್ನೆ ಒಂದೇ: ಅಪ್ಪಣೆ ಆಯಿತೇ? ಜೀರ್ಣೋದ್ಧಾರಕ್ಕೆ ಗರ್ಭಗುಡಿ ಬಿಚ್ಚುವ ಮುಂಚೆ ನಮ್ಮಲ್ಲಿ ಅನುಜ್ಞಾಕಲಶ ಮಾಡಿ ದೇವರನ್ನೇ ಕೇಳುತ್ತಾರೆ. ಬಿಂಬದ ಕಳೆಯನ್ನು ಕಲಶದ ನೀರಿಗೆ ಇಳಿಸಿ, ಬಾಲಾಲಯದಲ್ಲಿಟ್ಟು ಪೂಜಿಸುತ್ತಾರೆ. ಹೊಸ ಗುಡಿ ಎದ್ದ ಮೇಲೆ ಪುನಃಪ್ರತಿಷ್ಠೆ, ಬ್ರಹ್ಮಕಲಶ. ಈ ವಿಧಿಯೊಳಗೆ ಒಂದು ದಿಟ್ಟ ನಂಬಿಕೆಯಿದೆ. ಸಾನ್ನಿಧ್ಯ ಕಲ್ಲಿಗೆ ಅಂಟಿಕೊಂಡಿಲ್ಲ, ಅದನ್ನು ಎತ್ತಿ ಒಯ್ಯಬಹುದು. ಆದರೆ ಕೇಳದೆ ಒಯ್ಯುವಂತಿಲ್ಲ.

ಕ್ಲಬ್ಬೆಂದರೆ ಜನ, ಇಟ್ಟಿಗೆಯಲ್ಲ ಎಂದು ಇಲ್ಲಿ ಬಹಳ ಮಂದಿ ಹೇಳುತ್ತಾರೆ. ಸ್ಥಾವರ ಬಿಟ್ಟು ಜಂಗಮವನ್ನು ನೆಚ್ಚಿ ಎಂದು ಕೇಳುತ್ತಲೇ ಬೆಳೆದ ನಮಗೆ ಇದು ಸುಲಭವಾಗಿ ಒಪ್ಪಿಗೆಯಾಗುವ ಮಾತು. ಎವರ್ಟನ್ನಿನ ಚರಿತ್ರೆಯೂ ಅದಕ್ಕೆ ಸಾಕ್ಷಿ ಹೇಳುತ್ತದೆ. 1878ರಲ್ಲಿ ಸೇಂಟ್ ಡೊಮಿಂಗೊ ಎಂಬ ಮೆಥಡಿಸ್ಟ್ ಚರ್ಚಿನ ಹುಡುಗರ ತಂಡವಾಗಿ ಹುಟ್ಟಿದ್ದು ಅದು. 1884ರಿಂದ ಆನ್‌ಫೀಲ್ಡಿನಲ್ಲಿ ಆಡುತ್ತಿತ್ತು. ಬಾಡಿಗೆಯ ವಿಚಾರದಲ್ಲಿ ಆ ಮೈದಾನದ ಒಡೆಯ ಜಾನ್ ಹೌಲ್ಡಿಂಗ್ ಜೊತೆ ಮನಸ್ತಾಪವಾಗಿ 1892ರಲ್ಲಿ ಗುಡಿಸನ್‌ಗೆ ಬಂತು. ಖಾಲಿಯಾದ ಆನ್‌ಫೀಲ್ಡಿಗೆಂದು ಹೌಲ್ಡಿಂಗ್ ಕಟ್ಟಿದ್ದೇ ಲಿವರ್‌ಪೂಲ್ ಕ್ಲಬ್. ಒಬ್ಬರು ಬಿಟ್ಟುಹೋದ ಜಾಗ ಇನ್ನೊಬ್ಬರಿಗೆ ಕ್ಷೇತ್ರವಾಯಿತು.

ಆದರೂ ಆ ಮಾತು ಅರ್ಧ ಸತ್ಯ ಮಾತ್ರ. 1892ರಲ್ಲಿ ಆನ್‌ಫೀಲ್ಡ್ ಬಿಟ್ಟವರ ಹಿಂದೆ ಎಂಟು ವರ್ಷಗಳ ನೆನಪಿತ್ತು. ಗುಡಿಸನ್ ಬಿಟ್ಟವರ ಹಿಂದೆ ತಲೆಮಾರುಗಳೇ ಇದ್ದವು. ಒಂದೇ ಸೀಸನ್ನಿನಲ್ಲಿ ಲೀಗಿನ 60 ಗೋಲು ಹೊಡೆದ ಎವರ್ಟನ್ ಆಟಗಾರ ಡಿಕ್ಸಿ ಡೀನ್ 1980ರ ಮಾರ್ಚ್ 1ರಂದು ಪ್ರಾಣ ಬಿಟ್ಟದ್ದು ಇಲ್ಲೇ, ಲಿವರ್‌ಪೂಲ್ ವಿರುದ್ಧದ ಆಟ ನೋಡುತ್ತಾ. ಎರಡು ಸ್ಟ್ಯಾಂಡುಗಳ ನಡುವಿನ ಮೂಲೆಯಲ್ಲಿ ಸೇಂಟ್ ಲ್ಯೂಕ್ಸ್ ಚರ್ಚು ನಿಂತಿದೆ. ಪಂದ್ಯದ ದಿನ ಅದರ ಸಭಾಂಗಣದಲ್ಲಿ ಚಹಾ ಕುಡಿದು, ಹೊರಬಂದು, ಬುಲೆನ್ಸ್ ರೋಡ್ ಸ್ಟ್ಯಾಂಡಿನ ಮರದ ಸೀಟಿನಲ್ಲಿ ಕುಳಿತರೆ ಕಂಬವೊಂದು ಗೋಲನ್ನು ಮರೆಮಾಡುತ್ತಿತ್ತು. ಆ ಕಂಬ ತಪ್ಪಿಸಿ ನೋಡಲು ಎಷ್ಟು ಬಾಗಬೇಕೆಂದು ಪಕ್ಕದವರು ಹೇಳಿಕೊಡುತ್ತಿದ್ದರು. ಅವರಿಗೆ ಅವರಪ್ಪ ಹೇಳಿಕೊಟ್ಟಿರುತ್ತಿದ್ದರು. ಜಂಗಮವೂ ಹೀಗೆ ಎಲ್ಲೋ ಒಂದು ಕಡೆ ಕೂತು ಕಲಿಯಬೇಕಾಗುತ್ತದೆ.

ನಮ್ಮ ಪಕ್ಕದ ಮನೆಯ ಹಿರಿಯರ ತಂದೆಯ ಬೂದಿ ಗುಡಿಸನ್ನಿನ ಗ್ಲಾಡಿಸ್ ಸ್ಟ್ರೀಟ್ ಬದಿಯಲ್ಲಿದೆ. ನೀವು ಯಾಕೆ ನೀರಿಗೆ ಬಿಡುತ್ತೀರಿ ಎಂದು ಒಮ್ಮೆ ಕೇಳಿದರು. ಹೋದವರನ್ನು ಯಾವ ಜಾಗವೂ ಹಿಡಿದಿಡಬಾರದು, ಅದಕ್ಕೆ, ಎಂದೆ. ಅಪ್ಪ ಕೇಳಿಕೊಂಡಿದ್ದೇ ಹಿಡಿದಿಡಿ ಎಂದು, ಅಂದರು ಅವರು. ನಾನು ಇಲ್ಲಿಯತನಕ ಯೋಚಿಸುತ್ತಿರುವುದು ಈ ಮಾತನ್ನೇ. ಚೈತನ್ಯವನ್ನು ಕಲಶಕ್ಕೆ ಇಳಿಸುವ ಮಂತ್ರ ನಮ್ಮಲ್ಲಿದೆ. ಹೋಗಲು ಒಪ್ಪದೆ ಮಣ್ಣಾದವರನ್ನು ಒಯ್ಯುವ ಮಂತ್ರ ನನಗೆ ಗೊತ್ತಿರುವ ಯಾವ ಧರ್ಮದಲ್ಲೂ ಇಲ್ಲ. ದೇವರು ಬಂದಾನು, ಪಿತೃಗಳು ಬರಲಾರರು.

ಹೊಸ ಕ್ರೀಡಾಂಗಣದ ಅಂಗಳದ ಕಲ್ಲುಗಳ ಮೇಲೆ ಅಭಿಮಾನಿಗಳು ದುಡ್ಡು ಕೊಟ್ಟು ಹೆಸರು ಕೆತ್ತಿಸಿದ್ದಾರೆ. ನಮ್ಮ ದೇವಸ್ಥಾನಗಳ ಮೆಟ್ಟಿಲುಗಳಲ್ಲೂ ದಾನಿಗಳ ಹೆಸರುಗಳಿವೆ. ಅದರಲ್ಲಿ ಪ್ರೀತಿಯಿದೆ, ಬೇಡವೆನ್ನಲಾರೆ. ಆದರೆ ಕೆತ್ತಿದ ಹೆಸರನ್ನು ನಾಳೆ ಇನ್ನೆಲ್ಲಿಗಾದರೂ ಸಾಗಿಸಬಹುದು. ಬೂದಿಯನ್ನು ಸಾಗಿಸಲಾಗದು.

ಗುಡಿಸನ್ ಕೆಡವುವುದೆಂದು ಮೊದಲು ಯೋಜನೆಯಿತ್ತು. ಕೊನೆಗೆ ಕ್ಲಬ್ ಅದನ್ನು ತನ್ನ ಮಹಿಳಾ ತಂಡಕ್ಕೆ ಬಿಟ್ಟುಕೊಟ್ಟಿತು. ಕಾರಣ ಲೆಕ್ಕಾಚಾರದ್ದೇ ಇರಲಿ, ನನ್ನ ಮಟ್ಟಿಗೆ ಈ ಸ್ಥಳಾಂತರದಲ್ಲಿ ನಡೆದ ಅತ್ಯಂತ ಧರ್ಮದ ಕೆಲಸ ಅದು. ಸತ್ತವರ ಮುಂದೆ ಈಗಲೂ ಆಟ ನಡೆಯುತ್ತದೆ, ಅದೇ ನೀಲಿ ಅಂಗಿಯಲ್ಲಿ. ಇನ್ನೊಂದು ಬಾಕಿಯಿದೆ. ಶ್ರಾದ್ಧದಲ್ಲಿ ನಾವು ಹೆಸರು, ಗೋತ್ರ ಹೇಳದೆ ಪಿಂಡ ಇಡುವುದಿಲ್ಲ. ಪ್ರತಿ ಸೀಸನ್ನಿನ ಮೊದಲ ಪಂದ್ಯಕ್ಕೆ ಮುಂಚೆ, ಮನೆಯವರು ಒಪ್ಪಿದ ಅಷ್ಟೂ ಹೆಸರುಗಳನ್ನು ಗುಡಿಸನ್‌ನಲ್ಲೇ ನಿಂತು ಗಟ್ಟಿಯಾಗಿ ಓದಬೇಕು. ಓದಿ ಮುಗಿಯಲು ಅರ್ಧ ಗಂಟೆ ಮೇಲಾದೀತು. ಆಗಲಿ.