ಅಪರಿಸ್ರಾವಿತ್ವ ಮತ್ತು ಹದಿಹರೆಯದ ವ್ಯಸನ

ಮದ್ಯತ್ಯಾಗವನ್ನು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮೊದಲಿಗೇ ಎಣಿಸಿದ ಸಮಾಜ ನಮ್ಮದು. ಇಂಥ ಮನೆಯ ಹದಿನಾರರ ಹುಡುಗನೊಬ್ಬ ಕುಡಿತಕ್ಕೋ ಗಾಂಜಾಕ್ಕೋ ಒಲಿದರೆ ಅದನ್ನು ಹೇಳಿಕೊಳ್ಳಲು ಅವನಿಗೆ ಬಾಯಿ ಬಾರದು. ಬಚ್ಚಿಡುವುದರಿಂದ ವ್ಯಸನ ಬೇರೂರುತ್ತದೆ. ಹಾಗಿದ್ದರೆ ಅವನನ್ನು ಕೇಳಬೇಕಾದವರು ಯಾರು? ಕೇಳಿ ತಿಳಿದವರು ತಂದೆತಾಯಿಗಳಿಗೆ ಹೇಳಬೇಕೇ?

ಅಮೆರಿಕದ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ವೈದ್ಯ ಜಾನ್ ನೈಟ್ ಈ ಕ್ಷೇತ್ರದಲ್ಲಿ ದೀರ್ಘಕಾಲ ದುಡಿದವರು. ವಯಸ್ಕರಿಗೆಂದು ಮೊದಲೇ ರೂಢಿಯಲ್ಲಿದ್ದ ಒಂದು ಪ್ರಶ್ನಾವಳಿ, ಬೆಳಿಗ್ಗೆ ಎದ್ದೊಡನೆ ಕುಡಿಯುವ ಅಭ್ಯಾಸವಿದೆಯೇ ಎಂದು ವಿಚಾರಿಸುತ್ತಿತ್ತು; ಶಾಲೆಗೆ ಹೋಗುವ ಬಾಲಕನಿಗೆ ಅದು ಹೊಂದದು. ನೈಟ್ ಮತ್ತು ಅವರ ಸಂಗಡಿಗರು 1999ರಲ್ಲಿ 'ಕ್ರಾಫ್ಟ್' ಎಂಬ ಆರು ಪ್ರಶ್ನೆಗಳ ಪಟ್ಟಿಯನ್ನು ಪ್ರಕಟಿಸಿದರು. 14ರಿಂದ 18 ವರ್ಷದ 538 ಮಂದಿಯಲ್ಲಿ ಅದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಹೊರತಂದರು. ಅಮಲಿನಲ್ಲಿದ್ದವರು ನಡೆಸುವ ಕಾರಿನಲ್ಲಿ ಕುಳಿತದ್ದುಂಟೇ, ಒಂಟಿಯಾಗಿದ್ದಾಗ ಸೇವಿಸಿದ್ದುಂಟೇ, ಆಗ ಮಾಡಿದ್ದು ಮರೆತುಹೋದದ್ದುಂಟೇ — ಹೀಗೆ ಸಾಗುವ ಪ್ರಶ್ನೆಗಳು. ಎರಡಕ್ಕೆ ಹೌದೆಂದರೆ ಇನ್ನಷ್ಟು ವಿಚಾರಣೆ ಅಗತ್ಯ, ಅಷ್ಟರಿಂದಲೇ ರೋಗನಿರ್ಣಯವಾಗದು.

ನನ್ನ ದೃಷ್ಟಿಯಲ್ಲಿ ಆ ಪ್ರಶ್ನೆಗಳಿಗಿಂತ ಅವುಗಳನ್ನು ಕೇಳುವ ಕ್ರಮ ದೊಡ್ಡದು. ತಂದೆತಾಯಿಗಳನ್ನು ಹೊರಗೆ ಕೂರಿಸಿ, ಉತ್ತರವನ್ನು ಗುಟ್ಟಾಗಿಡುವ ಭರವಸೆಯಿತ್ತು, ಎಲ್ಲ ಮಕ್ಕಳನ್ನೂ ಕೇಳುವಂತೆ ಇವನನ್ನೂ ಕೇಳುವುದು. ಪ್ರಾಣಾಪಾಯ ಕಂಡಾಗ ಮಾತ್ರ ಆ ಭರವಸೆಗೆ ಮಿತಿಯುಂಟು.

ಇದು ನಮಗೆ ಹೊಸತೇನಲ್ಲ. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಗಾಹೆಗಳುಳ್ಳ ಭಗವತೀ ಆರಾಧನೆಯು, ಆಲೋಚನೆಯನ್ನು ಕೇಳುವ ಆಚಾರ್ಯನಲ್ಲಿ ಇರಬೇಕಾದ ಗುಣಗಳಲ್ಲಿ 'ಅಪರಿಸ್ರಾವಿ'ತನವನ್ನೂ ಹೇಳುತ್ತದೆ. ಕೇಳಿದ ದೋಷವನ್ನು ಅವನು ಹೊರಸೂಸಲಾಗದು. ಆಲೋಚನೆಯ ಹತ್ತು ದೋಷಗಳಲ್ಲಿ ಎರಡು ಇಲ್ಲಿ ನೆನಪಾಗುತ್ತವೆ: ಇತರರು ಕಂಡ ತಪ್ಪನ್ನಷ್ಟೇ ಒಪ್ಪುವುದು, ಅದೇ ತಪ್ಪು ಮಾಡುವವನ ಬಳಿ ಹೇಳಿಕೊಳ್ಳುವುದು. ನಮ್ಮ ಹುಡುಗರು ಮಾಡುವುದೂ ಇದನ್ನೇ — ಸಿಕ್ಕಿಬಿದ್ದಾಗ ಮನೆಯಲ್ಲಿ ಅಷ್ಟನ್ನೇ ಒಪ್ಪುತ್ತಾರೆ, ಉಳಿದದ್ದನ್ನು ಜೊತೆಗೆ ಸೇದುವ ಗೆಳೆಯನಿಗೆ ಹೇಳುತ್ತಾರೆ. ಮುನಿಯ ಆಲೋಚನೆಯೂ ಬಾಲಕನ ಚಿಕಿತ್ಸೆಯೂ ಒಂದೇ ಎಂದಲ್ಲ. ಕೇಳುವವನ ಹೊಣೆ ಮಾತ್ರ ಒಂದೇ ಜಾತಿಯದು.

ತಂದೆಯಿಂದ ಮರೆಮಾಡುವುದು ಸತ್ಯವ್ರತಕ್ಕೆ ಭಂಗವಲ್ಲವೇ ಎಂದು ಹಿರಿಯರು ಆಕ್ಷೇಪಿಸಬಹುದು. ಮಗನನ್ನು ಸಾಕುವವನಿಗೆ ತಿಳಿಯುವ ಹಕ್ಕಿಲ್ಲವೆನ್ನುವುದು ಕಠಿಣವೇ ಸರಿ. ಆದರೆ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನು, ಎಂದರೆ ಪರರ ಗುಟ್ಟನ್ನು ಬಯಲುಮಾಡುವುದನ್ನು, ಸೇರಿಸಿದೆ. ವೈದ್ಯ ತಂದೆಗೆ ಸುಳ್ಳು ಹೇಳಬೇಕಿಲ್ಲ. 'ನಿಮ್ಮ ಮಗನೇ ಹೇಳಲಿ, ಅದಕ್ಕೆ ಅವನನ್ನು ಸಿದ್ಧಗೊಳಿಸುತ್ತೇನೆ' ಎಂದರೆ ಸಾಕು. ತಂದೆಯ ಕೋಪಕ್ಕೆ ಹೆದರಿ ಹುಡುಗ ಮತ್ತೆ ವೈದ್ಯನ ಬಳಿಗೆ ಬಾರದಿದ್ದರೆ ಹಿಂಸೆ ಯಾರಿಂದಾಯಿತು?

ದಶಲಕ್ಷಣ ಪರ್ವದಲ್ಲಿ ಸಪ್ತವ್ಯಸನಗಳ ಮೇಲೆ ಉಪನ್ಯಾಸ ಏರ್ಪಡಿಸುವ ಬಸದಿಯ ಟ್ರಸ್ಟುಗಳು ಅದರ ಜೊತೆಗೆ ಒಂದು ಕೋಣೆಯನ್ನೂ, ಸಮಾಜದವರ ಪರಿಚಯವಿಲ್ಲದ ಒಬ್ಬ ವೈದ್ಯರನ್ನೂ ಒದಗಿಸಲಿ. ಒಳಗೆ ಹೋದವರ ಹೆಸರನ್ನು ಆಡಳಿತ ಮಂಡಳಿ ಕೇಳದಿರಲಿ.