ನೊಣ ತಿನ್ನುವ ಗಿಡವನ್ನು ಸಾಕಿದರೆ ಹಿಂಸೆಯೇ?

ಜೈನ ದರ್ಶನ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುತ್ತದೆ. ಗಿಡಕ್ಕೆ ಒಂದೇ ಇಂದ್ರಿಯ, ಇರುವೆಗೆ 3, ನೊಣಕ್ಕೆ 4. ಉತ್ತರ ಅಮೆರಿಕದ ಜೌಗು ನೆಲದ ಸರಸೇನಿಯಾ ಎಂಬ ಹೂಜಿ ಗಿಡ ಮಾತ್ರ ಈ ಏಣಿಯ ಕೆಳಗೆ ಕೂತೇ ಮೇಲಿನ ನೊಣವನ್ನು ಜೀರ್ಣಿಸಿಕೊಳ್ಳುತ್ತದೆ.

ಗಿಡದ ಪಾಪ ಗಿಡಕ್ಕೆ. ಅದನ್ನು ಅಂಗಳದಲ್ಲಿ ಸಾಕುವವರಿಗೆ? ಕೃತ, ಕಾರಿತ, ಅನುಮೋದನೆ ಮೂರಕ್ಕೂ, ಅಂದರೆ ಮಾಡಿದ್ದಕ್ಕೂ ಮಾಡಿಸಿದ್ದಕ್ಕೂ ಒಪ್ಪಿದ್ದಕ್ಕೂ, ಕರ್ಮ ಅಂಟುತ್ತದೆ ಎನ್ನುತ್ತದೆ ಶಾಸ್ತ್ರ.

ಗಿಡ ಸೊರಗಿದಾಗ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಹೂಜಿಗಳು ಸಣಕಲಾಗಿ ಬಾಗಿದರೆ ಹಸಿವೆಂದು ತಿಳಿದು ನೊಣ ಹಿಡಿದು ಹಾಕುವವರುಂಟು. ಕೊರತೆ ಬಹುಮಟ್ಟಿಗೆ ಬಿಸಿಲಿನದು! ಅಂಚು ಸುಟ್ಟಂತಾದರೆ ಗಡಸು ನೀರನ್ನೋ ಗೊಬ್ಬರವನ್ನೋ ಶಂಕಿಸಬೇಕು. ಪೀಟ್, ಪರ್ಲೈಟ್ ಮಿಶ್ರಣದಲ್ಲಿ ಮತ್ತೆ ನೆಟ್ಟು ಮಳೆನೀರು ಕೊಟ್ಟರೆ ಚೇತರಿಸಿಕೊಳ್ಳಬಹುದು. ಚಳಿಗಾಲದಲ್ಲಿ ಹೂಜಿಗಳು ಕಂದಾಗುವುದು ರೋಗವಲ್ಲ, ವಿಶ್ರಾಂತಿ. ಹೊರಗಿರುವ ಗಿಡ ತನ್ನ ಬೇಟೆಯನ್ನು ತಾನೇ ನೋಡಿಕೊಳ್ಳುತ್ತದೆ. ಅಲ್ಲಿಗೆ ಕಾರಿತದ ಭಾರ ಅರ್ಧ ಇಳಿಯಿತು.

ಸುಲಭಕ್ಕೆ ಬಗೆಹರಿಯದ್ದು ಸಸ್ಯಹೇನು. ಎಳೆ ಹೂಜಿ ಸುರುಟಿಕೊಂಡು ಬಂದರೆ ಬುಡದ ಸಂದಿಯಲ್ಲಿ ಹಸಿರು ಚುಕ್ಕೆಗಳಂತೆ ಅವು ರಸ ಹೀರುತ್ತಿರುತ್ತವೆ. ಇಡೀ ಕುಂಡವನ್ನು ಒಂದೆರಡು ದಿನ ಮಳೆನೀರಿನಲ್ಲಿ ಮುಳುಗಿಸಿಡುವುದು ಬೆಳೆಗಾರರ ಮದ್ದು. ವಿಷವೇನೋ ಇಲ್ಲ, ಆದರೆ ಹೇನುಗಳು ಉಸಿರುಕಟ್ಟಿ ಸಾಯುತ್ತವೆ. ಗೃಹಸ್ಥರ ಅಣುವ್ರತ ಸಂಕಲ್ಪಿಸಿ ಮಾಡುವ ಹಿಂಸೆಯನ್ನು ನಿಷೇಧಿಸಿ, ಜೀವನೋಪಾಯದಲ್ಲಿ ತಪ್ಪಿಸಲಾಗದ ಹಿಂಸೆಗೆ ಅಷ್ಟಿಷ್ಟು ರಿಯಾಯಿತಿ ಕೊಡುತ್ತದೆ. ಹೊಟ್ಟೆಪಾಡಿನ ಹೊಲಕ್ಕಿರುವ ಆ ರಿಯಾಯಿತಿಯನ್ನು ಕಣ್ಣಿನ ಚಪಲಕ್ಕೆ ತಂದಿಟ್ಟ ಕುಂಡಕ್ಕೆ ಕೇಳುವುದು ಕಷ್ಟ.