ಮಳೆಗಾಲದ ಬಾಗಿಲು

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಮನೆಯ ಹೆಬ್ಬಾಗಿಲು ಬಿಗಿಯುತ್ತದೆ. ಭುಜ ಕೊಟ್ಟು ನೂಕಬೇಕು. ಶಿರಸಿ ಸೀಮೆಯ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಬಾಗಿಲು ಅಜ್ಜ ನೆಟ್ಟ ಹಲಸಿನದು. ಮರ ಗಾಳಿಗೆ ಬಿದ್ದ ವರ್ಷ ಹಲಗೆ ಕೊಯ್ಸಿ, ನಡುನಡುವೆ ರೀಪು ಇಟ್ಟು ಅಟ್ಟದಲ್ಲಿ ಪೇರಿಸಿದ್ದೆವು. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬುದು ಬಡಗಿಗಳ ಲೆಕ್ಕ. ಎರಡು ಅಂಗುಲದ ಹಲಗೆಗೆ ಎರಡು ಬೇಸಿಗೆ ಕಾದೆವು.

ಹಾಗಿದ್ದೂ ಮೊದಲ ಮಳೆಗಾಲದಲ್ಲೇ ಬಾಗಿಲು ಹಿಡಿಯಿತು. ಅಂಚು ಹೆರೆಸಲು ಅಪ್ಪ ಆಚಾರಿಯನ್ನು ಕರೆಸಿದರು. ಅವರು ಅಂಚನ್ನು ಬೆರಳಲ್ಲಿ ಸವರಿ ನೋಡಿ, "ಮಳೆಗಾಲದಲ್ಲಿ ಬಾಗಿಲಿಗೆ ಉಜ್ಜುಗೊರಡು ಹಾಕಬಾರದು. ಈಗ ಹೆರೆದರೆ ಮಾಘದಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ದೀಪಾವಳಿ ಕಳೆಯಲಿ" ಎಂದು ಹೋದರು. ದೀಪಾವಳಿ ಕಳೆಯಿತು. ಬಾಗಿಲು ತಾನಾಗಿಯೇ ಸಡಿಲಾಯಿತು.

ಕಡಿದ ಮೇಲೂ ಮರ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಉದ್ದಕ್ಕೆ ಬದಲಾಗುವುದು ಅತ್ಯಲ್ಪ. ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ತಿಳಿದ ಬಡಗಿ ನಡುವಿನ ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂರಿಸುತ್ತಾನೆ. ಅಂಟು ಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಅಲುಗದಂತೆ ಬಿಗಿದ ಹಲಗೆ ಬೇಸಿಗೆಯಲ್ಲಿ ಸೀಳುತ್ತದೆ.

ಹಲಸು ಕೊಯ್ದಾಗ ಅರಿಸಿನದ ಬಣ್ಣ. ಬೆಳಕು ಬಿದ್ದಂತೆ ಕಂದುತ್ತದೆ. ನಮ್ಮ ಬಾಗಿಲೀಗ ಹಳೆಯ ಬೆಲ್ಲದಂತಿದೆ. ಥಾಯ್ಲೆಂಡಿನ ಕಾಡು ವಿಹಾರಗಳಲ್ಲಿ ಭಿಕ್ಷುಗಳು ಇದೇ ಮರದ ಕೆಚ್ಚನ್ನು ಕುದಿಸಿ ಚೀವರಕ್ಕೆ ಬಣ್ಣ ಕಟ್ಟುತ್ತಾರೆ. ಅನಿತ್ಯವನ್ನು ದಿನವೂ ನೆನೆಯುವವರ ಮೈಮೇಲೆ ಹಲಸಿನ ತಿರುಳು! ಮರದಲ್ಲಿ ಜೀವ ಇರುವುದು ಹೊರಸುತ್ತಿನಲ್ಲಿ ಮಾತ್ರ. ಒಳಗಿನ ಕೆಚ್ಚಿನಲ್ಲಿ ಒಂದು ಜೀವಕೋಶವೂ ಉಸಿರಾಡುವುದಿಲ್ಲ. ಆದರೂ ಗೆದ್ದಲಿಗೆ ಸುಲಭಕ್ಕೆ ಬಗ್ಗದೆ ಬಾಳುವುದು ಅದೇ. ಎದೆಗಾರಿಕೆಗೂ ನಮ್ಮ ಮಾತಿನಲ್ಲಿ ಕೆಚ್ಚೆಂದೇ ಹೆಸರು. ಮುಗಿದುಹೋದ ವರ್ಷಗಳೇ ಒಳಗೆ ಗಟ್ಟಿಯಾಗಿ ನಿಂತು ಇಂದಿನ ಚಿಗುರನ್ನು ಹೊರುತ್ತಿವೆ.

ಮನೆಯ ಹಿಂದಿನ ಸೊಪ್ಪಿನ ಬೆಟ್ಟವನ್ನು 'ನಮ್ಮ ಬೆಟ್ಟ' ಎನ್ನುತ್ತೇವೆ. ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಆದರೆ ನೆಲ ಸರ್ಕಾರದ್ದು. ನಮಗಿರುವುದು ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಸವಲತ್ತು. ಬೇಸಿಗೆಯಲ್ಲಿ ದರಕು ಗುಡಿಸಿ ತರುತ್ತೇವೆ. ಕೊಟ್ಟಿಗೆಗೆ ಹಾಸಿದ್ದು ಗೊಬ್ಬರವಾಗಿ ತೋಟ ಸೇರುತ್ತದೆ. ತಲೆಮಾರುಗಳಿಂದ ನಾವು ಬದುಕಿರುವುದು ಉದುರಿದ್ದರ ಮೇಲೆ.

ಅಪ್ಪ ಹೋದದ್ದು ಆಶ್ಲೇಷಾ ಮಳೆಯಲ್ಲಿ. ಹದಿಮೂರನೆಯ ದಿನ ಮುಗಿಯುತ್ತಲೇ ನನಗೆ ಅವಸರ: ಅವರ ಬಟ್ಟೆ ಯಾರಿಗಾದರೂ ಕೊಡಬೇಕು, ತೋಟ ಗೇಣಿಗೆ ಕೊಡಬೇಕು, ಅಮ್ಮನನ್ನು ಪೇಟೆಗೆ ಕರೆದೊಯ್ಯಬೇಕು. ದುಃಖ ತಾಗುವ ಅಂಚನ್ನೆಲ್ಲ ಹೆರೆದುಬಿಡುವ ಆತುರ ಅದು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಮಳೆ ಕಳೆಯಲಿ" ಎಂದಳು. ಆಮೇಲೆ ಎದ್ದು, ಭುಜ ಕೊಟ್ಟು ಬಾಗಿಲು ನೂಕಿ, ದನಕ್ಕೆ ಹುಲ್ಲು ಹಾಕಲು ಹೋದಳು.